ವೃತ್ತಿಪರ ಪೂಲ್ ಆಟದ ಶ್ರೇಷ್ಠರು: ತುಲನಾತ್ಮಕ ಸಮೀಕ್ಷೆ

ಆರು ಪಾಕೆಟ್‌ಗಳಿರುವ ಟೇಬಲ್ ಮೇಲೆ ಕ್ಯೂ ಕೋಲಿನಿಂದ ಬಿಳಿ ಚೆಂಡನ್ನು ಹೊಡೆದು, ಅಂಕಿ ನಮೂದಿಸಿದ ಬಣ್ಣದ ಚೆಂಡುಗಳನ್ನು ಪಾಕೆಟ್‌ಗೆ ಬೀಳಿಸುವ ಆಟಗಳ ಸಮೂಹಕ್ಕೆ ಪೂಲ್ ಎಂದು ಹೆಸರು. ವೃತ್ತಿಪರ ಕ್ರೀಡೆಯಾಗಿ ಇದು ಬೆಳೆದದ್ದು ಅಮೆರಿಕದಲ್ಲಿ. 1980ರ ದಶಕದಿಂದೀಚೆಗೆ ಯುರೋಪ್ ಮತ್ತು ಏಷ್ಯಾದ ಆಟಗಾರರು ಅದರಲ್ಲಿ ಮುಂಚೂಣಿಗೆ ಬಂದರು. ಬೆಂಗಳೂರಿನ ಪಂಕಜ್ ಅಡ್ವಾಣಿ ಹಲವು ವಿಶ್ವ ಪ್ರಶಸ್ತಿಗಳನ್ನು ಗೆದ್ದಿರುವುದರಿಂದ ಕನ್ನಡ ಓದುಗರಿಗೆ ಪರಿಚಿತವಾಗಿರುವ ಇಂಗ್ಲಿಷ್ ಬಿಲಿಯರ್ಡ್ಸ್ ಮತ್ತು ಸ್ನೂಕರ್ ಆಟಗಳು 12 ಅಡಿ ಉದ್ದದ ಟೇಬಲ್ಲಿನವು. ಪೂಲ್ ಟೇಬಲ್ ಅದಕ್ಕಿಂತ ಚಿಕ್ಕದು, ಅದರ ಚೆಂಡು ದೊಡ್ಡದು, ನಿಯಮಗಳು ಬೇರೆ. ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಿಂದ ಇಪ್ಪತ್ತೊಂದನೆಯ ಶತಮಾನದ ಮೊದಲ ದಶಕದವರೆಗೆ ಪೂಲ್ ಆಡಿದ ಪ್ರಮುಖ ವೃತ್ತಿಪರರನ್ನು ಈ ಲೇಖನ ಹೋಲಿಸುತ್ತದೆ.

ಇಂಥ ಹೋಲಿಕೆಗೆ ಸಾಮಾನ್ಯವಾಗಿ ಎರಡು ಅಳತೆಗಳನ್ನು ಬಳಸುತ್ತಾರೆ: ಗೆದ್ದ ಪ್ರಶಸ್ತಿಗಳ ಸಂಖ್ಯೆ ಮತ್ತು ಒಂದೇ ಸರದಿಯಲ್ಲಿ ಬೀಳಿಸಿದ ಚೆಂಡುಗಳ ಸಂಖ್ಯೆ. ಎರಡೂ ಸುಲಭವಾಗಿ ಸಿಗುವ ಅಂಕಿಗಳು, ಎರಡೂ ದಾರಿ ತಪ್ಪಿಸುವಂಥವು. ಈ ನೂರು ವರ್ಷಗಳಲ್ಲಿ ಪೂಲ್‌ನ ಟೇಬಲ್ ಬದಲಾಗಿದೆ, ಬಟ್ಟೆ ಬದಲಾಗಿದೆ, ನಿಯಮ ಬದಲಾಗಿದೆ, ಚಾಂಪಿಯನ್‌ಶಿಪ್‌ಗೆ ಆಡುವ ಆಟವೇ ಬದಲಾಗಿದೆ. ಆದ್ದರಿಂದ ಬೇರೆ ಬೇರೆ ಕಾಲದವರನ್ನು ತೂಗಲು ಹೆಚ್ಚು ನಂಬಬಹುದಾದ ಅಳತೆ ಬೇರೊಂದು: ತಾನು ಕಲಿತ ಪರಿಸರ ಬದಲಾದ ಮೇಲೂ ಆಟಗಾರ ತನ್ನ ಕಾಲದ ಅತ್ಯುತ್ತಮರ ಎದುರು ಗೆಲ್ಲುತ್ತಾ ಹೋದನೇ ಎಂಬುದು. ಮುಂದಿನ ವಿವೇಚನೆಗೆ ಇದೇ ಆಧಾರ.

ಉಗಮ ಮತ್ತು ಆಟದ ಪ್ರಕಾರಗಳು

ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೇ ಅಮೆರಿಕದಲ್ಲಿ ಪೂಲ್ ಚಾಂಪಿಯನ್‌ಶಿಪ್‌ಗಳು ನಡೆಯುತ್ತಿದ್ದವು. ಕ್ಯೂಬಾ ಮೂಲದ ಆಲ್ಫ್ರೆಡೊ ದೆ ಒರೊ ಆ ಕಾಲದ ದೊಡ್ಡ ಹೆಸರು. 1910ರಲ್ಲಿ ಜೆರೋಮ್ ಕಿಯೋ ರೂಪಿಸಿದ 14.1 ಅಥವಾ ಸ್ಟ್ರೈಟ್ ಪೂಲ್ 1912ರಿಂದ ಚಾಂಪಿಯನ್‌ಶಿಪ್ ಆಟವಾಯಿತು. ಇದರಲ್ಲಿ ಯಾವ ಚೆಂಡನ್ನಾದರೂ, ಮೊದಲೇ ಹೇಳಿದ ಪಾಕೆಟ್‌ಗೆ ಬೀಳಿಸಿದರೆ ಒಂದು ಅಂಕ. ಹದಿನೈದರಲ್ಲಿ 14 ಚೆಂಡು ಬಿದ್ದ ಮೇಲೆ ಆ 14ನ್ನು ಮತ್ತೆ ತ್ರಿಕೋನದಲ್ಲಿ ಜೋಡಿಸುತ್ತಾರೆ; ಹೀಗೆ ಜೋಡಿಸಿದ ಒಂದು ಸುತ್ತಿನ ಚೆಂಡುಗಳಿಗೆ ರ್‍ಯಾಕ್ ಎಂದು ಹೆಸರು. ತ್ರಿಕೋನದ ತುದಿಯ ಜಾಗ ಖಾಲಿ ಇರುತ್ತದೆ, ಉಳಿದ ಒಂದು ಚೆಂಡು ಟೇಬಲ್ ಮೇಲೆ ಇದ್ದಲ್ಲೇ ಇರುತ್ತದೆ. ಆ ಒಂಟಿ ಚೆಂಡನ್ನು ಪಾಕೆಟ್‌ಗೆ ಕಳಿಸುವ ಹೊಡೆತದಲ್ಲೇ ಬಿಳಿ ಚೆಂಡು ಹೋಗಿ ತ್ರಿಕೋನಕ್ಕೆ ತಾಗಿ ಅದನ್ನು ಒಡೆಯಬೇಕು. ಒಂಟಿ ಚೆಂಡು ಸರಿಯಾದ ಜಾಗದಲ್ಲಿ ಉಳಿದಿರಬೇಕು, ಅದರ ಹಿಂದಿನ ಚೆಂಡನ್ನು ಬೀಳಿಸಿದ ಮೇಲೆ ಬಿಳಿ ಚೆಂಡು ಸರಿಯಾದ ಕೋನಕ್ಕೆ ಬಂದು ನಿಂತಿರಬೇಕು. ಹಾಗಾಗಿ ಒಳ್ಳೆಯ ಆಟಗಾರ ರ್‍ಯಾಕ್‌ನ ನಡುವೆಯೇ ಕೊನೆಯ ಮೂರು ನಾಲ್ಕು ಚೆಂಡುಗಳ ಕ್ರಮವನ್ನು ಗೊತ್ತು ಮಾಡಿಕೊಂಡಿರುತ್ತಾನೆ. ಸ್ಟ್ರೈಟ್ ಪೂಲ್ ಶಿಸ್ತಿನ ಆಟವೆನಿಸಿಕೊಂಡದ್ದು ಈ ಕಾರಣದಿಂದ.

ನೈನ್-ಬಾಲ್ ಇದಕ್ಕೆ ತದ್ವಿರುದ್ಧ ಸ್ವಭಾವದ್ದು. ಒಂದರಿಂದ ಒಂಬತ್ತರವರೆಗಿನ ಚೆಂಡುಗಳಲ್ಲಿ ಅತಿ ಕಡಿಮೆ ಅಂಕಿಯದನ್ನೇ ಬಿಳಿ ಚೆಂಡು ಮೊದಲು ಮುಟ್ಟಬೇಕು. ಒಂಬತ್ತನೆಯದನ್ನು ನಿಯಮಬದ್ಧವಾಗಿ ಬೀಳಿಸಿದವನಿಗೆ ಆ ರ್‍ಯಾಕ್. ಚೆಂಡುಗಳನ್ನು ಕ್ರಮವಾಗಿಯೇ ಆಡಬೇಕಾದ್ದರಿಂದ ಬಿಳಿ ಚೆಂಡು ಟೇಬಲ್ಲಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಓಡಾಡುತ್ತದೆ. ಜೋಡಿಸಿದ ಚೆಂಡುಗಳನ್ನು ಚದುರಿಸುವ ಮೊದಲ ಹೊಡೆತವಾದ ಬ್ರೇಕ್‌ಗೂ ಅದೃಷ್ಟಕ್ಕೂ ಇಲ್ಲಿ ಪಾಲು ಹೆಚ್ಚು. ಎಯ್ಟ್-ಬಾಲ್ ಲೋಕದಾದ್ಯಂತ ಸಾಮಾನ್ಯರು ಆಡುವ ಆಟ. ಒಂದೇ ಪಾಕೆಟ್‌ಗೆ ಎಂಟು ಚೆಂಡು ಬೀಳಿಸಬೇಕಾದ ಒನ್-ಪಾಕೆಟ್‌ನಲ್ಲಿ ರಕ್ಷಣಾತ್ಮಕ ಆಟಕ್ಕೆ ಪ್ರಾಧಾನ್ಯ. ಹದಿನೈದೂ ಚೆಂಡುಗಳನ್ನು ಕ್ರಮವಾಗಿ ಆಡುವ ರೊಟೇಶನ್ ಫಿಲಿಪ್ಪೀನ್ಸ್‌ನಲ್ಲಿ ಜನಪ್ರಿಯ.

ಟೇಬಲ್ ಮತ್ತು ದಾಖಲೆಗಳ ಪ್ರಶ್ನೆ

1940ರ ದಶಕದ ಕೊನೆಯವರೆಗೆ ಚಾಂಪಿಯನ್‌ಶಿಪ್‌ಗಳು ನಡೆದದ್ದು 10 ಅಡಿಯ ಟೇಬಲ್ ಮೇಲೆ. ಅದರ ಆಟದ ಹಾಸು 112×56 ಅಂಗುಲ. ಆಮೇಲೆ ಬಂದ 9 ಅಡಿಯ ಟೇಬಲ್ಲಿನ ಹಾಸು 100×50 ಅಂಗುಲ, 8 ಅಡಿಯದು 88×44. ವಿಸ್ತೀರ್ಣದ ಲೆಕ್ಕ ಹಿಡಿದರೆ 10 ಅಡಿಯದು 9 ಅಡಿಯದಕ್ಕಿಂತ ಸುಮಾರು ಶೇ. 25ರಷ್ಟು ದೊಡ್ಡದು, 8 ಅಡಿಯದು ಹೆಚ್ಚು ಕಡಿಮೆ ಅಷ್ಟೇ ಪ್ರಮಾಣದಲ್ಲಿ ಚಿಕ್ಕದು. ಟೇಬಲ್ ದೊಡ್ಡದಾದಷ್ಟೂ ಹೊಡೆತದ ದೂರ ಹೆಚ್ಚುತ್ತದೆ, ದೂರ ಹೆಚ್ಚಿದಷ್ಟೂ ಗುರಿಯ ಸಣ್ಣ ತಪ್ಪು ದೊಡ್ಡದಾಗುತ್ತದೆ. ಹಳೆಯ ಟೇಬಲ್‌ಗಳಿಗೆ ಹಾಸುತ್ತಿದ್ದ ನಯವಾದ ರೋಮವಿರುವ ಉಣ್ಣೆ ಬಟ್ಟೆ ಚೆಂಡಿನ ವೇಗವನ್ನು ತಗ್ಗಿಸುತ್ತಿತ್ತು. ಅಂಥ ಟೇಬಲ್ ಮೇಲೆ ಬಿಳಿ ಚೆಂಡನ್ನು ದೂರಕ್ಕೆ ಕಳಿಸಲು ತೋಳಿನ ಬಲ ಬೇಕಿತ್ತು. ಇಂದಿನ ರೋಮರಹಿತ ಬಟ್ಟೆಯ ಮೇಲೆ ಮೆಲ್ಲಗೆ ತಾಗಿಸಿದರೂ ಚೆಂಡು ಓಡುತ್ತದೆ. ಈಗ ಬೇಕಾದದ್ದು ಅದನ್ನು ನಿಲ್ಲಿಸುವ ಹತೋಟಿ.

ವಿಲ್ಲಿ ಮೊಸ್ಕೋನಿ 1954ರ ಮಾರ್ಚ್ 19ರಂದು ಒಹಾಯೊ ರಾಜ್ಯದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಒಂದೇ ಸರದಿಯಲ್ಲಿ ಬೀಳಿಸಿದ 526 ಚೆಂಡುಗಳ ದಾಖಲೆಯನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಅದು 37 ರ್‍ಯಾಕ್‌ಗಳಿಗೂ ಮೀರಿದ, ಒಂದೂ ತಪ್ಪಿಲ್ಲದ ಆಟ. ಆದರೆ ಅದು ನಡೆದದ್ದು ಪ್ರದರ್ಶನ ಪಂದ್ಯದಲ್ಲಿ, 8 ಅಡಿಯ ಟೇಬಲ್ ಮೇಲೆ. 2019ರಲ್ಲಿ ಜಾನ್ ಸ್ಮಿಟ್ 626 ಚೆಂಡು ಬೀಳಿಸಿ ಆ ದಾಖಲೆ ಮುರಿದರು. 2022ರಲ್ಲಿ ಜೇಸನ್ ಶಾ ಅದನ್ನು 714ಕ್ಕೆ ಏರಿಸಿದರು. ಇವೆರಡೂ 9 ಅಡಿಯ ಟೇಬಲ್ಲಿನವು. ಆದರೆ ದಾಖಲೆ ಮುರಿಯುವುದನ್ನೇ ಗುರಿಯಾಗಿಟ್ಟುಕೊಂಡು, ಎದುರಾಳಿ ಇಲ್ಲದೆ, ಮತ್ತೆ ಮತ್ತೆ ಪ್ರಯತ್ನಿಸಿ ಸಾಧಿಸಿದವು. ಹಾಗಾಗಿ 714 ದೊಡ್ಡದೋ 526 ದೊಡ್ಡದೋ ಎಂಬ ಪ್ರಶ್ನೆಗೆ ಅಂಕಗಣಿತ ಕೊಡುವ ಉತ್ತರದಿಂದ ಆಟಗಾರರ ತೂಕ ತಿಳಿಯುವುದಿಲ್ಲ. 1966ರ ಯು.ಎಸ್. ಓಪನ್ ಫೈನಲ್‌ನಲ್ಲಿ ಇರ್ವಿಂಗ್ ಕ್ರೇನ್ ಒಂದೇ ಸರದಿಯಲ್ಲಿ 150 ಚೆಂಡು ಬೀಳಿಸಿ ಜೋ ಬಾಲ್ಸಿಸ್ ವಿರುದ್ಧ ಪಂದ್ಯ ಮುಗಿಸಿದರು. ಪ್ರಶಸ್ತಿ ಪಣಕ್ಕಿದ್ದ ಹೊತ್ತಿನಲ್ಲಿ, ಒಂದು ತಪ್ಪು ಮಾಡಿದರೆ ಎದುರಾಳಿ ಟೇಬಲ್ಲಿಗೆ ಬರುತ್ತಾನೆಂಬ ಒತ್ತಡದಲ್ಲಿ ಬಂದ ಆ 150, ಆಟಗಾರನ ಮಟ್ಟಕ್ಕೆ ಸಾಕ್ಷಿಯಾಗಿ 526ಕ್ಕಿಂತ ಗಟ್ಟಿಯಾದದ್ದು.

ಪ್ರಶಸ್ತಿಗಳ ಎಣಿಕೆಯೂ ಅಷ್ಟೇ ಜಾರುನೆಲ. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ವಿಶ್ವ ಪ್ರಶಸ್ತಿ ಕೆಲವೊಮ್ಮೆ ಟೂರ್ನಿಯಲ್ಲಿ, ಕೆಲವೊಮ್ಮೆ ಸವಾಲು ಪಂದ್ಯದಲ್ಲಿ ನಿರ್ಧಾರವಾಗುತ್ತಿತ್ತು. ಒಂದೇ ವರ್ಷದಲ್ಲಿ ಎರಡು ಸಲ ಕೈಬದಲಾದದ್ದೂ ಉಂಟು. ರಾಲ್ಫ್ ಗ್ರೀನ್‌ಲೀಫ್ ಅವರ ಪ್ರಶಸ್ತಿಗಳನ್ನು ಕೆಲವರು 19 ಎಂದೂ ಕೆಲವರು 20 ಎಂದೂ ಎಣಿಸುತ್ತಾರೆ. ಇತ್ತೀಚಿನ ಕಾಲದಲ್ಲೂ ಗೊಂದಲ ತಪ್ಪಿಲ್ಲ: 1999ರಲ್ಲಿ ಎರಡು ವಿಶ್ವ ನೈನ್-ಬಾಲ್ ಚಾಂಪಿಯನ್‌ಶಿಪ್‌ಗಳು ನಡೆದವು, ಒಂದು ಸ್ಪೇನಿನ ಅಲಿಕಾಂತೆಯಲ್ಲಿ, ಇನ್ನೊಂದು ವೇಲ್ಸ್‌ನ ಕಾರ್ಡಿಫ್‌ನಲ್ಲಿ.

ಸ್ಟ್ರೈಟ್ ಪೂಲ್ ಕಾಲ

ಇಲಿನಾಯ್ ರಾಜ್ಯದ ಮನ್‌ಮತ್‌ನಲ್ಲಿ 1899ರಲ್ಲಿ ಹುಟ್ಟಿದ ಗ್ರೀನ್‌ಲೀಫ್ 1919ರಲ್ಲಿ ಮೊದಲ ವಿಶ್ವ ಪ್ರಶಸ್ತಿ ಗೆದ್ದು, 1937ರವರೆಗೂ ಗೆಲ್ಲುತ್ತಿದ್ದರು. 1920ರ ದಶಕದಲ್ಲಿ ಅವರಿಗೆ ಸರಿಸಾಟಿಯಾದವರು ಕಡಿಮೆ. ನಿಧಾನಗತಿಯ ಆಟಕ್ಕೆ ಹೆಸರಾದ ಫ್ರಾಂಕ್ ಟಾಬರ್‌ಸ್ಕಿ ಆಗಾಗ ಅವರನ್ನು ತಡೆದರು. ಗ್ರೀನ್‌ಲೀಫ್ ಸಾಧಿಸಿದ್ದೆಲ್ಲ ದೊಡ್ಡ ಟೇಬಲ್ ಮತ್ತು ನಿಧಾನದ ಬಟ್ಟೆಯ ಮೇಲೆ. ಅದು ಅವರ ಹಿರಿಮೆ. ಈ ಲೇಖನದ ಅಳತೆಯಲ್ಲಿ ಅದೇ ಅವರ ಮಿತಿ ಕೂಡ. ಬದಲಾದ ಪರಿಸರದಲ್ಲಿ ಅವರು ಹೇಗೆ ಆಡುತ್ತಿದ್ದರು ಎಂಬುದಕ್ಕೆ ಸಾಕ್ಷ್ಯ ಉಳಿದಿಲ್ಲ. 1950ರಲ್ಲಿ, 50ರ ವಯಸ್ಸಿನಲ್ಲಿ, ಅವರು ತೀರಿಕೊಂಡರು.

ಫಿಲಡೆಲ್ಫಿಯಾದಲ್ಲಿ 1913ರಲ್ಲಿ ಹುಟ್ಟಿದ ಮೊಸ್ಕೋನಿ 1933ರಲ್ಲಿ ಗ್ರೀನ್‌ಲೀಫ್ ಜತೆ ದೇಶ ಸುತ್ತಿ ಸರಣಿ ಪಂದ್ಯಗಳನ್ನಾಡಿದರು. 107 ಪಂದ್ಯಗಳಲ್ಲಿ ಗ್ರೀನ್‌ಲೀಫ್ 57, ಮೊಸ್ಕೋನಿ 50 ಗೆದ್ದರು. ಎರಡು ತಲೆಮಾರಿನ ಇಬ್ಬರು ದಿಗ್ಗಜರು ಒಂದೇ ಟೇಬಲ್ ಮೇಲೆ ಇಷ್ಟು ಪಂದ್ಯ ಆಡಿದ ನಿದರ್ಶನ ಪೂಲ್ ಚರಿತ್ರೆಯಲ್ಲಿ ವಿರಳ, ಹಾಗಾಗಿ ಈ ಅಂಕಿಗೆ ಬೆಲೆ ಹೆಚ್ಚು. ಅನುಭವದ ಶಿಖರದಲ್ಲಿದ್ದ 33ರ ಚಾಂಪಿಯನ್‌ಗೆ, ಇನ್ನೂ ಒಂದೂ ವಿಶ್ವ ಪ್ರಶಸ್ತಿ ಗೆಲ್ಲದ 20ರ ಹುಡುಗ ಕೊಟ್ಟ ಪೈಪೋಟಿ ಅದು. ಮೊಸ್ಕೋನಿ 1941ರಿಂದ 1957ರ ನಡುವೆ 15 ಬಾರಿ ವಿಶ್ವ ಪ್ರಶಸ್ತಿ ಗೆದ್ದರು. ಮುಖ್ಯವಾದ ಸಂಗತಿಯೆಂದರೆ ಚಾಂಪಿಯನ್‌ಶಿಪ್ ಟೇಬಲ್ 10 ಅಡಿಯಿಂದ 9 ಅಡಿಗೆ ಇಳಿದದ್ದು ಈ ಅವಧಿಯ ನಡುವೆಯೇ. ಟೇಬಲ್ ಚಿಕ್ಕದಾದಾಗ ಎರಡನೆಯ ದರ್ಜೆಯ ಆಟಗಾರರ ತಪ್ಪುಗಳೂ ಕಡಿಮೆಯಾಗುತ್ತವೆ, ಅಗ್ರಸ್ಥಾನದಲ್ಲಿರುವವನ ಅಂತರ ಕುಗ್ಗಬೇಕು. ಮೊಸ್ಕೋನಿಯವರ ಅಂತರ ಕುಗ್ಗಲಿಲ್ಲ. ಪರಿಸರ ಬದಲಾದ ಮೇಲೂ ಗೆದ್ದವರ ಸಾಲಿನಲ್ಲಿ ಮೊದಲು ನಿಲ್ಲುವವರು ಇವರೇ.

ಖ್ಯಾತಿಗೂ ಸಾಮರ್ಥ್ಯಕ್ಕೂ ಇರುವ ದೂರಕ್ಕೆ ಇದೇ ಕಾಲ ಒಂದು ಸ್ಪಷ್ಟ ಉದಾಹರಣೆ ಕೊಡುತ್ತದೆ. ವಾಲ್ಟರ್ ಟೆವಿಸ್ ಅವರ 1959ರ ಕಾದಂಬರಿ ‘ದಿ ಹಸ್ಲರ್’ 1961ರಲ್ಲಿ ಚಲನಚಿತ್ರವಾದಾಗ ಮೊಸ್ಕೋನಿ ಅದರ ತಾಂತ್ರಿಕ ಸಲಹೆಗಾರರಾಗಿದ್ದರು. ಆ ಚಿತ್ರದ ಪಾತ್ರವೊಂದರ ಹೆಸರನ್ನೇ ತನ್ನದಾಗಿಸಿಕೊಂಡ ರುಡಾಲ್ಫ್ ವಾಂಡರೋನ್, ಮಿನೆಸೋಟ ಫ್ಯಾಟ್ಸ್ ಎಂದು ಮನೆಮಾತಾದರು. ಅವರು ಯಾವ ದೊಡ್ಡ ಟೂರ್ನಿಯನ್ನೂ ಗೆದ್ದವರಲ್ಲ. 1978ರಲ್ಲಿ ದೂರದರ್ಶನಕ್ಕಾಗಿ ಇಬ್ಬರ ನಡುವೆ ಪಂದ್ಯ ನಡೆದಾಗ, ಸ್ಪರ್ಧಾ ಕಣ ಬಿಟ್ಟು ವರ್ಷಗಳೇ ಆಗಿದ್ದ ಮೊಸ್ಕೋನಿ ಗೆದ್ದರು.

ಸಂಕ್ರಮಣ ಕಾಲ

1960ರ ದಶಕದಿಂದ 1980ರ ದಶಕದ ನಡುವೆ ಚಾಂಪಿಯನ್‌ಶಿಪ್ ಆಟ ಸ್ಟ್ರೈಟ್ ಪೂಲ್‌ನಿಂದ ನೈನ್-ಬಾಲ್‌ಗೆ ಸರಿಯಿತು. ಇಲಿನಾಯ್‌ನ ಜಾನ್‌ಸ್ಟನ್ ಸಿಟಿಯಲ್ಲಿ 1961ರಿಂದ ನಡೆದ ಟೂರ್ನಿಗಳು ಪಣ ಕಟ್ಟಿ ಆಡುವವರ ನೈನ್-ಬಾಲ್ ಮತ್ತು ಒನ್-ಪಾಕೆಟ್ ಆಟಗಳಿಗೆ ಬಹಿರಂಗ ಮನ್ನಣೆ ತಂದುಕೊಟ್ಟವು. ಅಲ್ಲಿ ಮಿಂಚಿದವರಲ್ಲಿ ಉತ್ತರ ಕೆರೊಲಿನಾದ ಲೂಥರ್ ಲ್ಯಾಸಿಟರ್ ಪ್ರಮುಖರು. ರ್‍ಯಾಕ್‌ಗಳು ಬೇಗ ಮುಗಿಯುವ ನೈನ್-ಬಾಲ್ ದೂರದರ್ಶನಕ್ಕೂ ಹೊಂದಿತು. 1986ರಲ್ಲಿ ಮಾರ್ಟಿನ್ ಸ್ಕಾರ್ಸೆಸಿ ನಿರ್ದೇಶಿಸಿದ ‘ದಿ ಕಲರ್ ಆಫ್ ಮನಿ’ ಆಟದ ಜನಪ್ರಿಯತೆಯನ್ನು ಮತ್ತೊಮ್ಮೆ ಹೆಚ್ಚಿಸಿತು.

ಆಟ ಹೀಗೆ ಕವಲೊಡೆದಾಗ ಬಹುಪಾಲು ಆಟಗಾರರು ಒಂದು ದಡದಲ್ಲಿ ಉಳಿದರು. ನ್ಯೂಜೆರ್ಸಿಯ ಶಾಲಾ ಶಿಕ್ಷಕ ಸ್ಟೀವ್ ಮಿಜೆರಾಕ್ 1970ರಿಂದ 1973ರವರೆಗೆ ಸತತ ನಾಲ್ಕು ಯು.ಎಸ್. ಓಪನ್ ಸ್ಟ್ರೈಟ್ ಪೂಲ್ ಪ್ರಶಸ್ತಿ ಗೆದ್ದವರು. ಅವರ ಹೆಸರು ನಿಂತಿರುವುದು ಮುಖ್ಯವಾಗಿ ಆ ಆಟದ ಮೇಲೆ. ಎರಡೂ ದಡ ಮುಟ್ಟಿದವರು ಮೈಕ್ ಸೀಗೆಲ್ ಮತ್ತು ನಿಕ್ ವಾರ್ನರ್. ನೂರಕ್ಕೂ ಹೆಚ್ಚು ವೃತ್ತಿಪರ ಟೂರ್ನಿ ಗೆದ್ದ ಸೀಗೆಲ್ 1979, 1981 ಮತ್ತು 1985ರಲ್ಲಿ ಸ್ಟ್ರೈಟ್ ಪೂಲ್ ವಿಶ್ವ ಪ್ರಶಸ್ತಿ ಗೆದ್ದರು, ಯು.ಎಸ್. ಓಪನ್ ನೈನ್-ಬಾಲ್ ಕಿರೀಟವನ್ನೂ ಧರಿಸಿದರು. ವಾರ್ನರ್ 1980 ಮತ್ತು 1986ರಲ್ಲಿ ಸ್ಟ್ರೈಟ್ ಪೂಲ್, 1989 ಮತ್ತು 1990ರಲ್ಲಿ ಯು.ಎಸ್. ಓಪನ್ ನೈನ್-ಬಾಲ್, 1999ರಲ್ಲಿ ಅಲಿಕಾಂತೆಯ ವಿಶ್ವ ನೈನ್-ಬಾಲ್ ಪ್ರಶಸ್ತಿ ಗೆದ್ದರು. ಶ್ರೇಷ್ಠರ ಜನಪ್ರಿಯ ಪಟ್ಟಿಗಳಲ್ಲಿ ವಾರ್ನರ್ ಹೆಸರು ಕೆಳಗೆ ಬೀಳುವುದು ಅನ್ಯಾಯ. ಎರಡು ದಶಕ, ಎರಡು ಭಿನ್ನ ಆಟ ಎಂಬ ಅಳತೆಯಲ್ಲಿ ಅವರಿಗೆ ಸಮನಾಗುವ ಅಮೆರಿಕನ್ನರು ಕೆಲವರೇ.

ನೈನ್-ಬಾಲ್ ಕಾಲ

1987ರಲ್ಲಿ ವಿಶ್ವ ಪೂಲ್ ಸಂಸ್ಥೆ ಸ್ಥಾಪನೆಯಾಯಿತು. ಅದರ ಮೊದಲ ವಿಶ್ವ ನೈನ್-ಬಾಲ್ ಚಾಂಪಿಯನ್‌ಶಿಪ್ 1990ರಲ್ಲಿ ಜರ್ಮನಿಯಲ್ಲಿ ನಡೆಯಿತು. ಗೆದ್ದವರು ಉತ್ತರ ಕೆರೊಲಿನಾದ ಅರ್ಲ್ ಸ್ಟ್ರಿಕ್‌ಲ್ಯಾಂಡ್. 1991 ಮತ್ತು 2002ರಲ್ಲೂ ಅವರೇ ಗೆದ್ದರು. ಯು.ಎಸ್. ಓಪನ್ ಪ್ರಶಸ್ತಿಯನ್ನು 1984, 1987, 1993, 1997 ಮತ್ತು 2000ದಲ್ಲಿ, ಒಟ್ಟು ಐದು ಬಾರಿ ಪಡೆದರು. 1996ರಲ್ಲಿ ಡಲ್ಲಾಸ್‌ನಲ್ಲಿ, ಸತತ 10 ರ್‍ಯಾಕ್ ಮುಗಿಸಿದವರಿಗೆ 10 ಲಕ್ಷ ಡಾಲರ್ ಎಂದು ಘೋಷಿಸಿದ್ದ ಟೂರ್ನಿಯಲ್ಲಿ ಅವರು ಅದನ್ನು ಸಾಧಿಸಿದರು. ಅವರು ಆಡಿದ ಅವಧಿಯಲ್ಲೇ ನೈನ್-ಬಾಲ್ ನಿಯಮವೂ ಬದಲಾಯಿತು. ಹಳೆಯ ಪದ್ಧತಿಯಲ್ಲಿ ಕಷ್ಟದ ಸ್ಥಿತಿ ಬಂದರೆ ಆಟಗಾರ ಬಿಳಿ ಚೆಂಡನ್ನು ತನಗೆ ಬೇಕಾದ ಜಾಗಕ್ಕೆ ಉರುಳಿಸಿ ಎದುರಾಳಿಗೆ ಆಯ್ಕೆ ಬಿಡಬಹುದಿತ್ತು. ಹೊಸ ಪದ್ಧತಿಯಲ್ಲಿ ಒಂದೇ ಫೌಲ್ ಆದರೂ ಎದುರಾಳಿ ಬಿಳಿ ಚೆಂಡನ್ನು ಕೈಯಲ್ಲಿ ಎತ್ತಿಕೊಂಡು ಎಲ್ಲಿ ಬೇಕಾದರೂ ಇಟ್ಟು ಆಡಬಹುದು. ಇದರಿಂದ ಒಂದು ಫೌಲ್‌ನ ಬೆಲೆ ಹೆಚ್ಚು ಕಡಿಮೆ ಒಂದು ರ್‍ಯಾಕ್‌ನಷ್ಟಾಯಿತು. ನೈನ್-ಬಾಲ್ ಒಂದನ್ನೇ ಹಿಡಿದು ನೋಡಿದರೆ ಸ್ಟ್ರಿಕ್‌ಲ್ಯಾಂಡ್ ಅವರಿಗಿಂತ ಮೇಲೆ ಇಡಬಹುದಾದ ಸಮಕಾಲೀನರಿಲ್ಲ. ಬಡ್ಡಿ ಹಾಲ್, 1992 ಮತ್ತು 1997ರ ವಿಶ್ವ ಚಾಂಪಿಯನ್ ಜಾನಿ ಆರ್ಚರ್, 1996ರ ಚಾಂಪಿಯನ್ ಜರ್ಮನಿಯ ರಾಲ್ಫ್ ಸುಕೆ ನಂತರದ ಸಾಲಿನವರು.

ಎಫ್ರೆನ್ ರೇಯೆಸ್

ಫಿಲಿಪ್ಪೀನ್ಸ್‌ನ ಪಂಪಾಂಗಾ ಪ್ರಾಂತ್ಯದಲ್ಲಿ 1954ರಲ್ಲಿ ಹುಟ್ಟಿ, ಮನಿಲಾದಲ್ಲಿ ಸಂಬಂಧಿಕರ ಪೂಲ್ ಹಾಲ್‌ನಲ್ಲಿ ಬೆಳೆದ ರೇಯೆಸ್ ಕಲಿತದ್ದು ರೊಟೇಶನ್. ಅಲ್ಲಿ ಹದಿನೈದು ಚೆಂಡುಗಳು ಟೇಬಲ್ ತುಂಬ ಹರಡಿರುವಾಗ ಕಡಿಮೆ ಅಂಕಿಯ ಚೆಂಡು ಬೇರೆ ಚೆಂಡುಗಳ ಹಿಂದೆ ಅಡಗುವುದು ಮಾಮೂಲು. ನೇರ ದಾರಿ ಇಲ್ಲದಾಗ ಬಿಳಿ ಚೆಂಡನ್ನು ಮೊದಲು ಟೇಬಲ್ಲಿನ ಅಂಚಿನ ಕುಶನ್‌ಗೆ ಹೊಡೆದು, ಅಲ್ಲಿಂದ ತಿರುಗಿ ಬಂದು ಗುರಿಯ ಚೆಂಡನ್ನು ಮುಟ್ಟುವಂತೆ ಮಾಡುವ ಹೊಡೆತಕ್ಕೆ ಕಿಕ್ ಎನ್ನುತ್ತಾರೆ. ಅಮೆರಿಕದ ಆಟಗಾರರಿಗೆ ಕಿಕ್ ಫೌಲ್ ತಪ್ಪಿಸಿಕೊಳ್ಳುವ ಉಪಾಯವಾಗಿತ್ತು. ರೇಯೆಸ್ ಕೈಯಲ್ಲಿ ಅದು ಅಳೆದು ಆಡುವ ಹೊಡೆತವಾಯಿತು: ಕುಶನ್‌ನಿಂದ ಚೆಂಡು ಮರಳುವ ಕೋನವನ್ನು ಪಕ್ಕದ ತಿರುಚಿನಿಂದ ಅಗಲಿಸಿ ಅಥವಾ ಕಿರಿದಾಗಿಸಿ, ಗುರಿಯ ಚೆಂಡಿನ ಯಾವ ಭಾಗಕ್ಕೆ ತಾಗಬೇಕೆಂಬುದನ್ನೂ ತಾಗಿದ ಮೇಲೆ ಎರಡೂ ಚೆಂಡು ಎಲ್ಲಿ ನಿಲ್ಲಬೇಕೆಂಬುದನ್ನೂ ಅವರು ಮೊದಲೇ ಗೊತ್ತು ಮಾಡುತ್ತಿದ್ದರು. ಒಂದೇ ಫೌಲ್‌ಗೆ ಬಿಳಿ ಚೆಂಡು ಬಿಟ್ಟುಕೊಡಬೇಕಾದ ಹೊಸ ನಿಯಮದಲ್ಲಿ ಈ ಕಲೆಗೆ ಬಂದ ಬೆಲೆ ಹಳೆಯ ನಿಯಮದಲ್ಲಿ ಬರುತ್ತಿರಲಿಲ್ಲ.

1985ರಲ್ಲಿ ಅಮೆರಿಕಕ್ಕೆ ಬಂದು ಸೀಸರ್ ಮೊರಾಲೆಸ್ ಎಂಬ ಹೆಸರಿನಲ್ಲಿ ಆಡಿ ಹ್ಯೂಸ್ಟನ್‌ನಲ್ಲಿ ಟೂರ್ನಿ ಗೆದ್ದ ಅವರು 1994ರಲ್ಲಿ ಯು.ಎಸ್. ಓಪನ್ ಗೆದ್ದ ಮೊದಲ ಅಮೆರಿಕೇತರ ಆಟಗಾರರಾದರು. 1996ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಸ್ಟ್ರಿಕ್‌ಲ್ಯಾಂಡ್ ವಿರುದ್ಧ ಮೊದಲು 120 ರ್‍ಯಾಕ್ ಗೆದ್ದವರಿಗೆ 1 ಲಕ್ಷ ಡಾಲರ್ ಎಂಬ ಪಂದ್ಯವನ್ನು 120–117ರಿಂದ ಗೆದ್ದರು. 1999ರಲ್ಲಿ ಕಾರ್ಡಿಫ್‌ನ ವಿಶ್ವ ನೈನ್-ಬಾಲ್, 2004ರಲ್ಲಿ ಫುಜೈರಾದ ವಿಶ್ವ ಎಯ್ಟ್-ಬಾಲ್ ಪ್ರಶಸ್ತಿ ಪಡೆದು, ಎರಡು ಬೇರೆ ಆಟಗಳಲ್ಲಿ ವಿಶ್ವ ಚಾಂಪಿಯನ್ ಆದ ಮೊದಲಿಗರೆನಿಸಿದರು. 2006ರಲ್ಲಿ ರೀನೊದಲ್ಲಿ ಹಳೆಯ ಕಾಲದ ನಿಧಾನದ ಬಟ್ಟೆ ಹಾಸಿದ ಟೇಬಲ್‌ಗಳ ಮೇಲೆ ನಡೆದ ಎಯ್ಟ್-ಬಾಲ್ ಟೂರ್ನಿಯನ್ನು ಗೆದ್ದಾಗ ಅವರಿಗೆ 52 ವರ್ಷ. ನೈನ್-ಬಾಲ್, ಒನ್-ಪಾಕೆಟ್, ಗುರಿಯ ಚೆಂಡನ್ನು ಕುಶನ್‌ಗೆ ತಾಗಿಸಿಯೇ ಬೀಳಿಸಬೇಕಾದ ಬ್ಯಾಂಕ್ ಪೂಲ್ ಮೂರನ್ನೂ ಆಡಿಸುವ ಡರ್ಬಿ ಸಿಟಿ ಕ್ಲಾಸಿಕ್‌ನ ಸರ್ವಾಂಗೀಣ ಪ್ರಶಸ್ತಿಯನ್ನು 1999ರಿಂದ 2010ರ ನಡುವೆ ಐದು ಬಾರಿ ಗೆದ್ದರು.

ಮಹಿಳಾ ಆಟಗಾರರು

ಬ್ರೂಕ್ಲಿನ್‌ನ ಜೀನ್ ಬಲೂಕಾಸ್ 1972ರಿಂದ 1978ರವರೆಗೆ ಸತತ ಏಳು ಯು.ಎಸ್. ಓಪನ್ ಗೆದ್ದರು, ಮೊದಲನೆಯದನ್ನು ಗೆದ್ದಾಗ ಅವರಿಗೆ 13 ವರ್ಷ. ಪುರುಷರ ಟೂರ್ನಿಗಳಲ್ಲೂ ಆಡಿದ ಅವರು 1988ರಲ್ಲಿ, ಮೂವತ್ತು ತುಂಬುವ ಮೊದಲೇ, ಸ್ಪರ್ಧೆಯಿಂದ ಸರಿದರು. ಇಂಗ್ಲೆಂಡಿನ ಆಲಿಸನ್ ಫಿಶರ್ ಏಳು ಬಾರಿ ಮಹಿಳಾ ವಿಶ್ವ ಸ್ನೂಕರ್ ಚಾಂಪಿಯನ್ ಆಗಿ, 1995ರಲ್ಲಿ ಅಮೆರಿಕಕ್ಕೆ ಹೋಗಿ ನೈನ್-ಬಾಲ್‌ಗೆ ಬದಲಾಗಿ, 1996, 1997, 1998 ಮತ್ತು 2001ರಲ್ಲಿ ವಿಶ್ವ ಪ್ರಶಸ್ತಿ ಗೆದ್ದರು. ಪರಿಸರ ಬದಲಾದ ಮೇಲೂ ಗೆಲ್ಲುವುದೇ ಅಳತೆಯಾದರೆ, ಒಂದು ಆಟವನ್ನೇ ಬಿಟ್ಟು ಇನ್ನೊಂದರ ಶಿಖರಕ್ಕೆ ಒಂದೇ ವರ್ಷದಲ್ಲಿ ಏರಿದ ಫಿಶರ್ ಅವರ ಸಾಧನೆಗೆ ಪುರುಷರಲ್ಲೂ ಜೋಡಿ ಸಿಗುವುದು ಕಷ್ಟ. ಶ್ರೇಷ್ಠತೆಯ ಚರ್ಚೆಯಲ್ಲಿ ಮಹಿಳೆಯರನ್ನು ಪ್ರತ್ಯೇಕ ಅಧ್ಯಾಯಕ್ಕೆ ತಳ್ಳುವ ರೂಢಿ ಈ ಸಂಗತಿಯನ್ನು ಮರೆಮಾಡಿದೆ.

ಆಕ್ಷೇಪಗಳು

ಈ ಅಳತೆ ಮೊಸ್ಕೋನಿಯವರ ಕಾಲದವರಿಗೆ ಅನ್ಯಾಯ ಮಾಡುತ್ತದೆ ಎನ್ನಬಹುದು. ಒಂದೇ ಆಟಕ್ಕೆ ಮನ್ನಣೆಯಿದ್ದ ಕಾಲದಲ್ಲಿ ಹಲವು ಆಟ ಗೆಲ್ಲುವ ಅವಕಾಶವೇ ಅವರಿಗಿರಲಿಲ್ಲ. ಮಾತು ನ್ಯಾಯವಾದದ್ದೇ. ಆದರೆ ಅವಕಾಶ ಇರಲಿಲ್ಲ ಎಂಬುದರಿಂದ ಸಾಮರ್ಥ್ಯ ಇತ್ತು ಎಂದು ಸಿದ್ಧವಾಗುವುದಿಲ್ಲ. ಮೊಸ್ಕೋನಿಯವರ ಪಾಲಿಗೆ ಬಂದ ಒಂದು ದೊಡ್ಡ ಬದಲಾವಣೆ ಟೇಬಲ್ಲಿನದು, ಅದನ್ನು ಅವರು ದಾಟಿದರು. ಅವರ ಸ್ಥಾನ ಭದ್ರವಾಗಿರುವುದು ಅದರಿಂದ.

ರೇಯೆಸ್‌ಗಿಂತ ಸ್ಟ್ರಿಕ್‌ಲ್ಯಾಂಡ್ ಹೆಚ್ಚು ವಿಶ್ವ ನೈನ್-ಬಾಲ್ ಪ್ರಶಸ್ತಿ ಗೆದ್ದಿದ್ದಾರೆ ಎಂಬುದು ಎರಡನೆಯ ಆಕ್ಷೇಪ. ಮೂರಕ್ಕೆ ಒಂದು ಎಂಬ ಲೆಕ್ಕ ನಿಜ. ಆದರೆ ವಿಶ್ವ ಚಾಂಪಿಯನ್‌ಶಿಪ್‌ನ ಚಿಕ್ಕ ಪಂದ್ಯಗಳಲ್ಲಿ ಬ್ರೇಕ್‌ನ ಅದೃಷ್ಟಕ್ಕೆ ಪಾಲು ದೊಡ್ಡದು. ಅದೃಷ್ಟ ಸಮನಾಗುವಷ್ಟು ದೀರ್ಘವಾದ ಹಾಂಗ್‌ಕಾಂಗ್ ಪಂದ್ಯದಲ್ಲಿ, 237 ರ್‍ಯಾಕ್‌ಗಳ ನಂತರ, ಇಬ್ಬರ ನಡುವೆ ಉಳಿದ ಅಂತರ ಮೂರು. ನೈನ್-ಬಾಲ್‌ನಲ್ಲಿ ಇಬ್ಬರೂ ಸಮಾನರೆಂದೇ ಇದರಿಂದ ಹೇಳಬೇಕು. ಉಳಿದ ಆಟಗಳನ್ನು ಸೇರಿಸಿದಾಗ ತಕ್ಕಡಿ ರೇಯೆಸ್ ಕಡೆ ವಾಲುತ್ತದೆ.

ಇಂದಿನ ಆಟಗಾರರು ಹಿಂದಿನ ಎಲ್ಲರಿಗಿಂತ ಚೆನ್ನಾಗಿ ಆಡುತ್ತಾರೆ ಎಂಬುದು ಮೂರನೆಯದು. ಬ್ರೇಕ್‌ಗೆಂದೇ ಮಾಡಿದ ಕ್ಯೂ, ಜಿಗಿಸುವ ಹೊಡೆತಕ್ಕೆ ಚಿಕ್ಕ ಕ್ಯೂ, ಚೆಂಡುಗಳನ್ನು ಬಿಗಿಯಾಗಿ ಜೋಡಿಸುವ ತೆಳು ಹಾಳೆ, ನೋಡಿ ಕಲಿಯಲು ಸಾವಿರಾರು ಪಂದ್ಯಗಳ ದೃಶ್ಯಮುದ್ರಿಕೆ ಇರುವಾಗ ಸರಾಸರಿ ಮಟ್ಟ ಏರಿರುವುದು ಸಹಜ. ಆ ಏರಿಕೆಯಲ್ಲಿ ಹಿಂದಿನವರ ಪಾಲೂ ಇದೆ: ಇಂದು ಪ್ರತಿಯೊಬ್ಬ ವೃತ್ತಿಪರನೂ ಅಭ್ಯಾಸ ಮಾಡುವ ಕಿಕ್ ಹೊಡೆತವನ್ನು ಆ ಮಟ್ಟಕ್ಕೆ ತಂದವರು ರೇಯೆಸ್. ತನ್ನ ಕಾಲದ ಮಿತಿಯನ್ನು ಎಷ್ಟು ದೂರ ತಳ್ಳಿದ ಎಂಬುದೇ ಹೋಲಿಕೆಗೆ ಬರುವ ಅಂಶ.

ಇಂದಿನ ಸ್ಥಿತಿ

ಬಿಲಿಯರ್ಡ್ ಕಾಂಗ್ರೆಸ್ ಆಫ್ ಅಮೆರಿಕ 1966ರಲ್ಲಿ ಆರಂಭಿಸಿದ ಗೌರವ ಪಟ್ಟಿಯಲ್ಲಿ ಗ್ರೀನ್‌ಲೀಫ್ ಮೊದಲ ವರ್ಷವೇ ಸೇರಿದರು. ಮೊಸ್ಕೋನಿ 1968ರಲ್ಲಿ, ಬಲೂಕಾಸ್ 1985ರಲ್ಲಿ, ರೇಯೆಸ್ 2003ರಲ್ಲಿ, ಸ್ಟ್ರಿಕ್‌ಲ್ಯಾಂಡ್ 2006ರಲ್ಲಿ, ಫಿಶರ್ 2009ರಲ್ಲಿ ಸೇರಿದರು. ಈಗಿನ ತಲೆಮಾರಿನಲ್ಲಿ ಅಮೆರಿಕದ ಶೇನ್ ವಾನ್ ಬೋನಿಂಗ್ 2007ರಿಂದ 2016ರ ನಡುವೆ ಐದು ಯು.ಎಸ್. ಓಪನ್, 2022ರಲ್ಲಿ ವಿಶ್ವ ನೈನ್-ಬಾಲ್ ಪ್ರಶಸ್ತಿ ಗೆದ್ದಿದ್ದಾರೆ. ಆಟಗಾರರ ಬಲವನ್ನು ರ್‍ಯಾಕ್ ಲೆಕ್ಕದಿಂದ ಅಳೆಯುವ ಫಾರ್ಗೊ ರೇಟಿಂಗ್ ಈಗ ವ್ಯಾಪಕವಾಗಿದೆ. ಅದರಲ್ಲಿ 100 ಅಂಕಗಳ ಅಂತರವೆಂದರೆ ಮೇಲಿನವನು ಎರಡು ರ್‍ಯಾಕ್ ಗೆಲ್ಲುವಷ್ಟರಲ್ಲಿ ಕೆಳಗಿನವನು ಒಂದು ಗೆಲ್ಲುವ ನಿರೀಕ್ಷೆ. ಪರಸ್ಪರ ಆಡಿದ ಪಂದ್ಯಗಳ ಸರಪಣಿ ಇದ್ದಲ್ಲಿ ಮಾತ್ರ ಈ ಲೆಕ್ಕ ನಡೆಯುತ್ತದೆ, ಹಾಗಾಗಿ ಅದು ಗ್ರೀನ್‌ಲೀಫ್ ಅಥವಾ ಮೊಸ್ಕೋನಿಯವರನ್ನು ಮುಟ್ಟಲಾರದು. ಲಭ್ಯ ಸಾಕ್ಷ್ಯಗಳ ಮಟ್ಟಿಗೆ, ಸ್ಟ್ರೈಟ್ ಪೂಲ್‌ನಲ್ಲಿ ಮೊದಲ ಸ್ಥಾನ ಮೊಸ್ಕೋನಿಯವರದು. ಪೂಲ್‌ನ ಎಲ್ಲ ಆಟಗಳನ್ನೂ ಒಟ್ಟಾಗಿ ಹಿಡಿದರೆ ರೇಯೆಸ್ ಅವರದು.